ಓದುಗರ ಪುಟದಲ್ಲಿ ನನ್ನ ಹೆಸರು

ಡೊಂಬಿವಲಿ ಪೂರ್ವ
ಗುರುವಾರ, ೧೫ ಜನವರಿ ೨೦೨೬

ಪ್ರೀತಿಯ ಶ್ರೀಪ್ರಿಯಾ,

ನೀನು, ಅಳಿಯಂದಿರು, ಅಮೂಲ್ಯಾ ಮೂವರೂ ಹೇಗಿದ್ದೀರಿ? ಗುವಾಹಟಿಯಲ್ಲಿ ಚಳಿ ಜೋರೆಂದು ಟಿ.ವಿ.ಯಲ್ಲಿ ತೋರಿಸಿದರು. ಅಮೂಲ್ಯಾಳ ಕೆಮ್ಮು ಹೋಯಿತೇ? ಮುಂದಿನ ತಿಂಗಳು ಹತ್ತನೆಯ ಪರೀಕ್ಷೆ ಇಟ್ಟುಕೊಂಡು ಐಸ್‌ಕ್ರೀಂ ತಿನ್ನುವ ಹುಡುಗಿಗೆ ನಾನು ಇಲ್ಲಿಂದ ಹೇಳಿ ಏನು ಪ್ರಯೋಜನ? "ಅಜ್ಜಿ, ಟೆನ್ಶನ್ ಮತ್ ಲೋ ನಾ" ಎಂದು ಮುಗಿಸಿಬಿಡುತ್ತಾಳೆ. ನಿನ್ನ ಸೊಂಟನೋವಿಗೆ ಎಣ್ಣೆ ಹಚ್ಚುತ್ತಿದ್ದೀಯೋ, ಇಲ್ಲ ಬಾಟಲಿಯನ್ನು ಕಪಾಟಿನಲ್ಲಿಟ್ಟು ಪೂಜೆ ಮಾಡುತ್ತಿದ್ದೀಯೋ? ಅಳಿಯಂದಿರ ಆಫೀಸಿನವರು ಠಾಣೆಗೆ ಬಂದಿದ್ದಾರಂತೆ, ನಾಳೆ ವಿಮಾನದಲ್ಲಿ ಅಲ್ಲಿಗೆ ವಾಪಸು ಹೊರಡುತ್ತಾರಂತೆ. ಅವರ ಕೈಯಲ್ಲಿ ಸಂಕ್ರಾಂತಿಯ ಎಳ್ಳುಂಡೆ, ಸಾರಿನ ಪುಡಿ, ಜೊತೆಗೆ ಈ ಕಾಗದ ಕಳುಹಿಸುತ್ತಿದ್ದೇನೆ. ಎಳ್ಳುಂಡೆ ಈ ಸಲ ಸ್ವಲ್ಪ ಗಟ್ಟಿಯಾಗಿದೆ, ಬೆಲ್ಲದ ಪಾಕ ಒಲೆಯ ಮೇಲಿದ್ದಾಗ ನನಗೆ ಬೇರೆ ಕಡೆ ಓಡಬೇಕಾಯಿತು. ಹಲ್ಲು ಜೋಪಾನ.

ದಿನವೂ ಫೋನಿನಲ್ಲಿ ಮಾತಾಡುವವಳು ಈಗ ಕಾಗದ ಬರೆಯಲು ಯಾಕೆ ಕೂತಳು ಎಂದು ನಿನಗೆ ಅನಿಸುತ್ತಿರಬೇಕು. ಈ ಮನೆಯಲ್ಲಿರುವುದು ಒಂದು ಹಾಲ್, ಒಂದು ಬೆಡ್‌ರೂಮ್. ನಾನು ಫೋನ್ ಹಿಡಿದ ಕೂಡಲೇ ನಿನ್ನ ಅಪ್ಪ ಬಂದು ಪಕ್ಕದಲ್ಲಿ ಕೂರುತ್ತಾರೆ, ಸ್ಪೀಕರ್ ಹಾಕು ಅನ್ನುತ್ತಾರೆ. ಅವರೆದುರಿಗೆ ಅವರ ವಿಷಯ ಹೇಗೆ ಹೇಳಲಿ? ಹೊರಗೆ ಹೋಗಿ ಮಾತಾಡೋಣವೆಂದರೆ ಅವರನ್ನು ಒಬ್ಬರನ್ನೇ ಬಿಡುವ ಹಾಗಿಲ್ಲ. ಆದ್ದರಿಂದ ನೀನು ಫೋನಿನಲ್ಲಿ "ಅಪ್ಪ ಹೇಗಿದ್ದಾರೆ" ಎಂದಾಗಲೆಲ್ಲ ನಾನು "ಆರಾಮ" ಎಂದೇ ಹೇಳುತ್ತಾ ಬಂದೆ. ಆರಾಮ ಇಲ್ಲ ಮಗಾ. ಅವರಿಗೂ ಇಲ್ಲ, ನನಗೂ ಇಲ್ಲ.

ವಿಷಯ ಅವರ ಯೂನಿವರ್ಸಿಟಿಯ ಪತ್ರಿಕೆಯದ್ದು. ಹಳೆಯ ವಿದ್ಯಾರ್ಥಿಗಳಿಗೆಂದು ಮೂರು ತಿಂಗಳಿಗೊಮ್ಮೆ ಅಂಚೆಯಲ್ಲಿ ಬರುತ್ತದಲ್ಲ, ಅರ್ಧ ಇಂಗ್ಲಿಷು ಅರ್ಧ ಕನ್ನಡ. ಅದರ ನುಣುಪು ಕಾಗದ ಕಿತ್ತು ಶಾಲೆಯ ಪುಸ್ತಕಗಳಿಗೆ ಹೊದಿಕೆ ಹಾಕಿ ನೀನು ಒಮ್ಮೆ ಪೆಟ್ಟು ತಿಂದಿದ್ದೆ, ಅದೇ. ನಮ್ಮ ಎರಡೂ ಕಡೆಯ ಕುಟುಂಬಗಳಲ್ಲಿ ಹೋಟೆಲಿನ ಗಲ್ಲೆಯ ಮೇಲೆ ಕೂರದ ಗಂಡಸು ನಿನ್ನ ಅಪ್ಪ ಒಬ್ಬರೇ. ಕಲ್ಯಾಣ ಸ್ಟೇಷನ್ನಿನ ಹತ್ತಿರ ನಿನ್ನ ಸುದರ್ಶನ ಚಿಕ್ಕಪ್ಪ ಇಡ್ಲಿ ಸಾಂಬಾರಿನಲ್ಲಿ ಎರಡು ಫ್ಲಾಟು ಕಟ್ಟಿಕೊಂಡರು, ಇವರು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಬಣ್ಣದ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿ ಈ ಒಂದು ಹಾಲಿನಲ್ಲೇ ಉಳಿದರು. ಅದಕ್ಕೆ ಅವರಿಗೆ ಬೇಸರವಿರಲಿಲ್ಲ, ಯಾಕೆಂದರೆ ಆ ಪತ್ರಿಕೆ ಚಿಕ್ಕಪ್ಪನಿಗೆ ಬರುತ್ತಿರಲಿಲ್ಲ, ಇವರಿಗೆ ಬರುತ್ತಿತ್ತು. ಹೆಸರಿನ ಮುಂದೆ ಡಿಗ್ರಿ ಹಾಕಿ ಬರುವ ಕಾಗದ ಈ ಬಿಲ್ಡಿಂಗಿನಲ್ಲಿ ತನಗೊಬ್ಬನಿಗೇ ಎಂದು ಲೆಟರ್‌ಬಾಕ್ಸಿನ ಎದುರು ನಿಂತು ವಾಚ್‌ಮನ್‌ಗೂ ಹೇಳುತ್ತಿದ್ದರು.

ಮರೆವಿನ ಕಾಯಿಲೆ ಹಿಡಿದ ಮೇಲೂ ಆ ಪತ್ರಿಕೆಯೊಂದು ಅವರ ಕೈ ಬಿಡಲಿಲ್ಲ. ಬೆಳಿಗ್ಗೆ ತಿಂದ ತಿಂಡಿ ನೆನಪಿರುವುದಿಲ್ಲ, ಹಾಸ್ಟೆಲಿನ ಮೆಸ್ಸಿನಲ್ಲಿ ಶನಿವಾರ ಏನು ಬಡಿಸುತ್ತಿದ್ದರು ಎಂಬುದು ನೆನಪಿದೆ. ಪೇಪರು ಓದುವುದು ಬಿಟ್ಟರು, ಟಿ.ವಿ. ನೋಡಿದರೆ ಒಳಗೆ ಕೂತವರು ಯಾರು ಎಂದು ಕೇಳುತ್ತಾರೆ. ಆದರೆ ಪತ್ರಿಕೆ ಕೈಗೆ ಕೊಟ್ಟರೆ ಬೆನ್ನು ನೇರ ಮಾಡಿ, ಕನ್ನಡಕ ಒರೆಸಿ, ಒಂದು ಅಕ್ಷರ ತಪ್ಪದೆ ಓದುತ್ತಾರೆ. ಆಗ ಅವರು ನನಗೆ ಗೊತ್ತಿರುವ ಮನುಷ್ಯ. ಅಷ್ಟು ಹೊತ್ತು ನನಗೂ ಅಡುಗೆಮನೆಯಲ್ಲಿ ಉಸಿರು ಬಿಡಲು ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಅದರ ಕೊನೆಯಲ್ಲಿ "ಅಗಲಿದವರು" ಎಂಬ ಪುಟವಿದೆ. ತೀರಿಹೋದ ಹಳೆಯ ವಿದ್ಯಾರ್ಥಿಗಳ ಹೆಸರು, ಯಾವ ವಿಭಾಗ, ಯಾವ ಊರು, ಸುತ್ತ ಒಂದು ಗೆರೆ. ಬೇರೆಯವರು ಮುಖಪುಟದಿಂದ ಓದುತ್ತಾರೆ, ಇವರು ಹಿಂದಿನಿಂದ. ನಿನ್ನ ಅಜ್ಜಿಯ ರೂಢಿ ನೆನಪಿದೆಯಲ್ಲ? ಸಾವಿನ ಸುದ್ದಿಯ ಕಾರ್ಡು ಬಂದರೆ ಹೊರಗೇ ನಿಂತು ಓದಿ, ಹರಿದು ಬಿಸಾಡಿ, ತಲೆಗೆ ತಣ್ಣೀರು ಸುರಿದುಕೊಂಡೇ ಒಳಗೆ ಬರುವುದು. ಸಂಬಂಧಿಕರೇ ಆಗಬೇಕೆಂದಿಲ್ಲ, ಪರಿಚಯದವರಾದರೂ ಸಾಕು. ಆರೋಗ್ಯ ನೆಟ್ಟಗಿದ್ದಾಗ ಇವರು ಅದನ್ನು ಕಂಡು ನಗುತ್ತಿದ್ದರು. ಈಗ ಬುದ್ಧಿ ಹಿಂದೆ ಹಿಂದೆ ಸರಿದು ಅವರ ಅಮ್ಮನ ಪಕ್ಕದಲ್ಲಿ ಹೋಗಿ ನಿಂತಿದೆ. ಪುಟ ಓದುತ್ತಾರೆ, "ಛೆ" ಅನ್ನುತ್ತಾರೆ, ಶರ್ಟು ಬಿಚ್ಚುತ್ತಾ ಬಚ್ಚಲಿಗೆ ನಡೆಯುತ್ತಾರೆ. ಓದಿದ್ದು ನೆನಪಿರುವುದಿಲ್ಲವಲ್ಲ, ಆದ್ದರಿಂದ ಮರುದಿನ ಅದೇ ಪುಟ ಮತ್ತೆ ಹೊಸ ಸುದ್ದಿ. ಪಾತ್ರೆ ತೊಳೆಯುವ ಕೆಲಸದವಳಿಗೂ ಈಗ ಹೇಳಿ ಅಭ್ಯಾಸವಾಗಿದೆ: "ಆಜೋಬಾ ಪರತ್ ಆಂಘೋಳೀಲಾ ಗೇಲೇ", ಅಜ್ಜ ಮತ್ತೆ ಸ್ನಾನಕ್ಕೆ ಹೋದರು ಎಂದು.

ಅವರ ಹಾಸ್ಟೆಲಿನ ಕೋಣೆಯಲ್ಲಿ ಜೊತೆಗಿದ್ದ ಅಂಬಾರಾಯರ ಹೆಸರು ಅಕ್ಟೋಬರಿನ ಸಂಚಿಕೆಯಲ್ಲಿ ಬಂತು. ಕಲಬುರಗಿಯವರು, ನಿನ್ನ ಮದುವೆಗೆ ಬಂದು ಬಾಳೆಲೆ ಊಟಕ್ಕೆ ರೊಟ್ಟಿ ಕೇಳಿದ್ದರಲ್ಲ, ಅವರೇ. ಇವರನ್ನು ನೋಡಿದಾಗಲೆಲ್ಲ "ಏನಲೇ, ಅನ್ನಾ ತಿಂದ ತಿಂದ ಮೆತ್ತಗಾಗೀದಿ" ಎಂದು ಬೆನ್ನಿಗೆ ಗುದ್ದುತ್ತಿದ್ದರು. ಒಬ್ಬ ಸ್ನೇಹಿತ ಒಮ್ಮೆ ಸತ್ತರೆ ಒಮ್ಮೆ ಅಳಬೇಕು, ಅದು ಲೋಕರೂಢಿ. ಇವರು ದಿನಾ ಅತ್ತರು. ದಿನಾ ತಣ್ಣೀರು ಸುರಿದುಕೊಂಡರು. ನವೆಂಬರಿನಲ್ಲಿ ನೀನು ಓಡಿ ಬಂದೆಯಲ್ಲ, ಆ ನ್ಯುಮೋನಿಯಾ ಹವೆ ಬದಲಾಗಿ ಬಂದದ್ದಲ್ಲ, ಅಂಬಾರಾಯರಿಂದ ಬಂದದ್ದು. ನೀನು ಆಗಲೇ ಮಾಜಿವಾಡಾದ ಆಸ್ಪತ್ರೆಯ ಬೆಂಚಿನ ಮೇಲೆ ಅಳುತ್ತಾ ಕೂತಿದ್ದೆ, ಇದನ್ನೂ ಹೇಳಿ ಗಾಯಕ್ಕೆ ಉಪ್ಪು ಹಾಕುವುದು ಬೇಡ ಅನಿಸಿತು. ನೀನು ಹೊರಟ ಮೇಲೆ ಡಾಕ್ಟರರಿಗೆ ಹೇಳಿದೆ. ಇನ್ನೊಂದು ಸಲ ಹೀಗಾದರೆ ಶ್ವಾಸಕೋಶ ತಡೆಯುವುದಿಲ್ಲ ಎಂದರು, ಆಮೇಲೆ ಮೊಬೈಲು ನೋಡುತ್ತಾ "ಆಂಟೀಜಿ, ಮ್ಯಾಗಝಿನ್ ಬಂದ್ ಕರ್ ದೋ, ಸಿಂಪಲ್" ಎಂದರು. ಸಿಂಪಲ್ ಅಂತೆ. ಅವರು ಒಂದು ದಿನ ನಮ್ಮ ಮನೆಗೆ ಬಂದು ಬಂದ್ ಮಾಡಿ ತೋರಿಸಲಿ.

ನಾನು ಮಾಡದಿದ್ದದ್ದು ಏನಿದೆ? ಪತ್ರಿಕೆ ಅಡಗಿಸಿಟ್ಟೆ. ಇಡೀ ದಿನ ಹುಡುಕಿದರು, ಊಟ ಬಿಟ್ಟರು, ಬನಿಯನ್ನಿನಲ್ಲೇ ಕೆಳಗಿಳಿದು ಎಲ್ಲರ ಲೆಟರ್‌ಬಾಕ್ಸಿನಲ್ಲಿ ಕೈ ಹಾಕಿ ನೋಡಿದರು, ಬಿಲ್ಡಿಂಗಿನ ಸೆಕ್ರೆಟರಿ ನನ್ನನ್ನು ಕರೆಸಿ ಬುದ್ಧಿ ಹೇಳಿದ. ಆ ಪುಟವೊಂದನ್ನೇ ಬ್ಲೇಡಿನಲ್ಲಿ ನಾಜೂಕಾಗಿ ತೆಗೆದೆ. ಕೆಮಿಸ್ಟ್ ಅಲ್ಲವೇ, ಪುಟಸಂಖ್ಯೆ ತಾಳೆ ನೋಡಿ, ಯೂನಿವರ್ಸಿಟಿಯವರು ಅರ್ಧ ಪುಸ್ತಕ ಕಳುಹಿಸಿದ್ದಾರೆಂದು ಸಿಟ್ಟಾಗಿ ನನ್ನ ಕೈಯಲ್ಲೇ ಫೋನ್ ಮಾಡಿಸಿ ಇನ್ನೊಂದು ಪ್ರತಿ ತರಿಸಿಕೊಂಡರು. ನಿಮ್ಮ ಅಮ್ಮನ ಹಾಗೆ ಓದಿ ಹರಿದು ಬಿಸಾಡಿ, ಪದ್ಧತಿ ಪದ್ಧತಿಯ ಹಾಗೇ ನಡೆಯಲಿ ಎಂದೆ. "ಪುಸ್ತಕ ಹರೀಲಿಕ್ಕುಂಟಾ ವಾರಿಜಾ? ಸರಸ್ವತಿ ಅಲ್ವಾ?" ಎಂದು ನನಗೇ ಪಾಠ ಮಾಡಿದರು. ಬಿಸಿನೀರು ತೋಡಿಟ್ಟರೆ ಸಾವಿನ ಸ್ನಾನ ಬಿಸಿನೀರಿನಲ್ಲಿ ಆಗುವುದಿಲ್ಲ ಅನ್ನುತ್ತಾರೆ. ನಲ್ಲಿಯ ವಾಲ್ವು ಮುಚ್ಚಿದರೆ, ನೀರು ಬಾರದ ದಿನಕ್ಕೆಂದು ತುಂಬಿಸಿಟ್ಟ ಡ್ರಮ್ಮಿನಿಂದ ಎತ್ತಿ ಸುರಿದುಕೊಳ್ಳುತ್ತಾರೆ. ಕೊನೆಗೆ ಬಚ್ಚಲಿನ ಚಿಲಕ ತೆಗೆಸಿದೆ, ಟವೆಲ್ ಹಿಡಿದು ಬಾಗಿಲಲ್ಲಿ ನಿಲ್ಲುವುದನ್ನು ಕಲಿತೆ. ನನ್ನಿಂದ ಆಗಿದ್ದು ಇಷ್ಟೇ.

ಅಕ್ಟೋಬರಿನ ಸಂಚಿಕೆಯ ನಡುವೆ ಒಂದು ಹಾಳೆ ಇತ್ತು. "ನಮ್ಮ ಪತ್ರಿಕೆಯ ಬಗ್ಗೆ ನಿಮಗೇನನಿಸುತ್ತದೆ?" ಎಂದು ಓದುಗರಿಗೆ ಪ್ರಶ್ನೆಗಳು. ಆಸ್ಪತ್ರೆಯಿಂದ ಬಂದ ಮೇಲೆ ಒಂದು ಮಧ್ಯಾಹ್ನ ಇವರನ್ನು ಕೂರಿಸಿಕೊಂಡು ಓದಿ ಹೇಳಿದೆ. ಮೊದಲು ಯಾವ ಪುಟ ಓದುತ್ತೀರಿ? "ಯಾರು ಉಂಟು, ಯಾರು ಇಲ್ಲ ಅಂತ ಮೊದಲು ನೋಡ್ಬೇಕಲ್ಲ?" ಎಂದರು. ಏನು ಸುಧಾರಿಸಬೇಕು? "ಅಕ್ಷರ ದೊಡ್ಡದಾಗ್ಲಿ." ನಿಮ್ಮ ಮನೆಯಲ್ಲಿ ಬೇರೆ ಯಾರು ಓದುತ್ತಾರೆ? "ಯಾರೂ ಇಲ್ಲ. ವಾರಿಜಾ ಧೂಳು ಹೊಡೀತಾಳೆ ಅಷ್ಟೆ." ನನ್ನೆದುರಿಗೇ ಹೇಳಿದರು, ನಾನೇ ಬರೆದುಕೊಂಡೆ. ಹಾಳೆಯ ಕೆಳಗೆ ಕುಟುಂಬದವರೂ ಅಭಿಪ್ರಾಯ ತಿಳಿಸಬಹುದು ಎಂದು ಖಾಲಿ ಜಾಗವಿತ್ತು. ಸಾರಿಗೆ ಉಪ್ಪು ಸಾಕೇ ಎಂದು ಜೀವಮಾನವೆಲ್ಲ ನಾನು ಬೇರೆಯವರನ್ನು ಕೇಳಿದ್ದೇ ಹೊರತು ನನ್ನ ಅಭಿಪ್ರಾಯ ಕೇಳಿದವರು ಯಾರಿದ್ದಾರೆ? ಪಕ್ಕದ ಮನೆಯ ನಳಿನಾಕ್ಷಿಯ ಹತ್ತಿರ ಒಳ್ಳೆಯ ಪೆನ್ನು ತಂದು ಬರೆದೆ. ನನ್ನ ಪತಿ ನಿಮ್ಮ ಪತ್ರಿಕೆಯನ್ನು ಪ್ರತಿದಿನವೂ ಹೊಸದೆಂಬಂತೆ ಓದುತ್ತಾರೆ, ಅವರಿಗೆ ಮರೆವಿದೆ, ಅಗಲಿದವರ ಪುಟವನ್ನು ಬೇರೆ ಬಿಡಿ ಹಾಳೆಯಾಗಿ ಇಟ್ಟು ಕಳುಹಿಸಿದರೆ ನಮ್ಮಂಥ ಮನೆಯವರು ಮೊದಲೇ ತೆಗೆದಿಡಬಹುದು, ದಯವಿಟ್ಟು ಯೋಚಿಸಿ. ಕೆಳಗೆ ಪೂರ್ತಿ ಹೆಸರು, ವಾರಿಜಾ ಯಜ್ಞೇಶ್ವರ, ಡೊಂಬಿವಲಿ. ಎರಡು ಸಲ ಓದಿ ನೋಡಿದೆ, ಸರಿಯಾಗಿಯೇ ಇತ್ತು.

ಡಿಸೆಂಬರಿನಲ್ಲಿ ಅಲ್ಲಿಂದ ಅಶ್ಮಿತಾ ಎಂಬ ಹುಡುಗಿ ಫೋನ್ ಮಾಡಿದಳು, ಪತ್ರಿಕೆ ನೋಡಿಕೊಳ್ಳುವವಳಂತೆ. ಒಳ್ಳೆಯ ಮಾತು. "ಆಂಟಿ, ನೀವು ಹೇಳೋದು ಅರ್ಥ ಆಗುತ್ತೆ, ಆದ್ರೆ ನಮ್ಮ ಹಿರಿಯ ಓದುಗರು ಎಲ್ರೂ ಮೊದ್ಲು ಓದೋದು ಅದೇ ಪುಟ. ಅದನ್ನ ಬೇರೆ ಮಾಡಿದ್ರೆ ನಂಗೆ ಬೈತಾರೆ" ಎಂದಳು. ಚಿಕ್ಕ ವಯಸ್ಸಿನವರು ಏನು ಹೇಳಿದರು ಎಂದು ಕೇಳಿದೆ. ಅವರು ಕವರೇ ಬಿಚ್ಚುವುದಿಲ್ಲವಂತೆ. ಅಂದರೆ ನೋಡು, ಅಷ್ಟು ಬಣ್ಣದ ಫೋಟೋ ಹಾಕಿ, ಕುಲಪತಿಗಳ ಸಂದೇಶ ಹಾಕಿ, ಹೊಸ ಕಟ್ಟಡದ ಉದ್ಘಾಟನೆ ಹಾಕಿ ಮಾಡುವ ಪುಸ್ತಕವನ್ನು ಊರೂರಿನ ಮುದುಕರು ತಮ್ಮ ಜೊತೆಯವರಲ್ಲಿ ಯಾರು ಉಳಿದಿದ್ದಾರೆ ಎಂದು ನೋಡಲು ಮಾತ್ರ ತೆರೆಯುತ್ತಾರೆ. ಆದರೆ ಅವರು ಒಮ್ಮೆ ಓದಿ ಮಡಚಿಡುತ್ತಾರೆ, ನಮ್ಮ ಮನೆಯಲ್ಲಿ ಹಾಗಲ್ಲ. ಅಶ್ಮಿತಾಳನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಕೈ ಕಟ್ಟಿಹಾಕಿರುವುದು ಅವಳದ್ದೂ ಹೌದು, ನನ್ನದೂ ಹೌದು.

ಹೊಸ ಸಂಚಿಕೆ ಕಳೆದ ವಾರ ಬಂತು. "ಓದುಗರು ಏನನ್ನುತ್ತಾರೆ" ಎಂಬ ಪುಟದಲ್ಲಿ ನನ್ನ ಮಾತೂ ಅಚ್ಚಾಗಿದೆ. ನಾನು ಬರೆದದ್ದರಲ್ಲಿ ಒಂದೇ ವಾಕ್ಯ ಹಾಕಿದ್ದಾರೆ: "ನನ್ನ ಪತಿ ನಿಮ್ಮ ಪತ್ರಿಕೆಯನ್ನು ಪ್ರತಿದಿನವೂ ಹೊಸದೆಂಬಂತೆ ಓದುತ್ತಾರೆ." ಉಳಿದದ್ದು ಜಾಗವಿಲ್ಲದೆ ಬಿಟ್ಟರೋ ಏನೋ. ಕೆಳಗೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು, ಊರು. ನೋಯಿಸಬೇಕೆಂದು ಮಾಡಿದ್ದಲ್ಲ, ಅವರಿಗೆ ಅದು ಹೊಗಳಿಕೆಯಾಗಿ ಕಂಡಿದೆ. ನಗು ಬಂತು, ಆಮೇಲೆ ಸಂಕಟವಾಯಿತು, ಆದರೂ ನಳಿನಾಕ್ಷಿಗೆ ತೋರಿಸಿ ಬಂದೆ. ಹೆಸರು ಅಚ್ಚಾದರೆ ಯಾರಿಗೆ ಖುಷಿಯಾಗುವುದಿಲ್ಲ?

ಅದೇ ಸಂಚಿಕೆಯಲ್ಲಿ ಇನ್ನೊಂದು ಸೂಚನೆಯಿದೆ. ಓದುಗರ ಅಭಿಪ್ರಾಯ ನೋಡಿ, ಇನ್ನು ಮುಂದೆ ಪತ್ರಿಕೆಯನ್ನು ಮೊಬೈಲಿನಲ್ಲೇ ಕೊಡುತ್ತಾರಂತೆ. ಕಾಗದದ ಪ್ರತಿ ಬೇಕೇಬೇಕು ಅನ್ನುವವರು ತಿಂಗಳ ಕೊನೆಯೊಳಗೆ ತಿಳಿಸಬೇಕು, ಸುಮ್ಮನಿದ್ದರೆ ನಿಲ್ಲುತ್ತದೆ. ಡಾಕ್ಟರರು ಹೇಳಿದ ಸಿಂಪಲ್ ಈಗ ತಾನಾಗಿಯೇ ಬಾಗಿಲಿಗೆ ಬಂದಿದೆ, ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಯಿತು. ಆದರೆ ನಿಂತರೆ ಅವರ ಕೈಯಲ್ಲಿ ಏನು ಕೊಡಲಿ? ಅದೊಂದು ಓದುವಾಗ ಮಾತ್ರ ಅವರು ಅವರಾಗಿರುತ್ತಾರೆ, ಅದನ್ನೂ ಕಿತ್ತುಕೊಂಡರೆ ನನ್ನ ಮನೆಯಲ್ಲಿ ಉಳಿಯುವವರು ಯಾರು? ಬೇಕೆಂದು ಬರೆದರೆ ತಣ್ಣೀರಿಗೆ ನಾನೇ ಕೈಹಿಡಿದು ಕರೆದೊಯ್ದ ಹಾಗೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡು ಕೂತಿದ್ದೇನೆ, ನುಂಗಲೂ ಆಗದು, ಉಗುಳಲೂ ಆಗದು. ಚಿಕ್ಕಪ್ಪನನ್ನು ಕೇಳಿದರೆ "ಅತ್ತಿಗೆ, ನೀವು ಹೇಳಿದ ಹಾಗೆ" ಅನ್ನುತ್ತಾರೆ. ನಾನು ಏನೂ ಹೇಳಲಾರದೆ ಅಲ್ಲವೇ ಕೇಳಿದ್ದು? ನೀನು ಓದಿದವಳು, ಅವರ ಮಗಳು. ಅಳಿಯಂದಿರ ಜೊತೆ ಮಾತಾಡಿ ನೀನೇ ಒಂದು ತೀರ್ಮಾನ ಹೇಳು. ಅಮೂಲ್ಯಾಳ ಪರೀಕ್ಷೆ ಮುಗಿಯುವವರೆಗೆ ಇಲ್ಲಿಗೆ ಹೊರಟು ಬರುವ ಯೋಚನೆ ಮಾತ್ರ ಮಾಡಬೇಡ.

ನನ್ನ ಬಗ್ಗೆ ಚಿಂತೆ ಬೇಡ, ಬಿ.ಪಿ. ಮಾತ್ರೆ ತಪ್ಪಿಸುವುದಿಲ್ಲ. ಅಳಿಯಂದಿರಿಗೆ ನನ್ನ ನಮಸ್ಕಾರ ಹೇಳು, ಎಳ್ಳುಂಡೆ ಎಲ್ಲ ಒಬ್ಬರೇ ತಿನ್ನಬಾರದೆಂದೂ ಹೇಳು. ಅಮೂಲ್ಯಾಳಿಗೆ ಮುತ್ತು. ಗಣಿತದ ದಿನ ಮೊಸರು ಸಕ್ಕರೆ ಬಾಯಿಗೆ ಹಾಕಿ ಕಳುಹಿಸು. ಉಡುಪಿಯ ಕೃಷ್ಣ ನಿಮ್ಮ ಮೂವರ ತಲೆ ಕಾಯಲಿ, ಮಿಕ್ಕಿದರೆ ಇತ್ತ ಕಡೆಯೂ ಒಮ್ಮೆ ನೋಡಲಿ.

ಇಂತಿ ನಿನ್ನ,
ಅಮ್ಮ

ತಾ. ಕ.: ಮೇಲೆ ಬರೆಯಲು ಕೈ ಬರಲಿಲ್ಲ. ಊಟ ಮಾಡಿ ಇವರು ಮಲಗಿದ್ದಾರೆ, ಏಳುವ ಮೊದಲು ಬರೆದು ಮುಗಿಸುತ್ತೇನೆ. ನನ್ನ ಹೆಸರು ಅಚ್ಚಾದ ಪುಟ ಅಗಲಿದವರ ಪುಟದ ಎದುರಿಗೇ ಇದೆ, ಅದಕ್ಕೂ ಸುತ್ತ ಗೆರೆ. ಆ ಪುಸ್ತಕದ ಹಿಂಭಾಗದಲ್ಲಿ ಗೆರೆಯೊಳಗೆ ಹೆಸರು ಬಂತೆಂದರೆ ಇವರಿಗೆ ಅರ್ಥ ಒಂದೇ. ಸೋಮವಾರ ಬೆಳಿಗ್ಗೆ ಓದಿ ಎದ್ದು ಬಚ್ಚಲಿಗೆ ಹೋದರು. ಟವೆಲ್ ಹಿಡಿದು ನಿಂತವಳು ಇವತ್ತು ಯಾರು ಎಂದು ಕೇಳಿದೆ. "ನಮ್ಮ ವಾರಿಜಾ ಹೋದಳಂತೆ. ಪುಸ್ತಕದಲ್ಲಿ ಉಂಟು" ಎಂದರು. ನಾನೇ ವಾರಿಜಾ, ಇಲ್ಲಿದ್ದೇನಲ್ಲ ಎಂದೆ. ಹೆದರಿ ಗೋಡೆಗೆ ಒರಗಿ ನಡುಗಿದರು, ನೋಡಲಾಗಲಿಲ್ಲ. ನಾನು ವಾರಿಜಾಳ ಊರಿನವಳು, ಅವಳ ಪರಿಚಯದವಳು ಎಂದ ಮೇಲೆ ಅವರಿಗೆ ಸಮಾಧಾನವಾಯಿತು. "ಹಾಗಾದ್ರೆ ನೀವೂ ತಲೆಗೆ ನೀರು ಹಾಕ್ಕೊಳ್ಳಿ" ಎಂದು ಬಾಗಿಲಲ್ಲೇ ನಿಂತರು. ಬೇರೆ ದಾರಿ ಇರಲಿಲ್ಲ, ಹಾಕಿಕೊಂಡೆ.

ಅಂದಿನಿಂದ ದಿನಾ ಇದೇ. ಅವರ ಲೆಕ್ಕದಲ್ಲಿ ಬೆಳಿಗ್ಗೆ ತಿಂಡಿಯಾದ ಮೇಲೆ ಹೋಗುತ್ತೇನೆ, ಮಧ್ಯಾಹ್ನದ ಊಟದ ಹೊತ್ತಿಗೆ ಮರಳಿ ಬಂದಿರುತ್ತೇನೆ. ನಡುವೆ ನನ್ನೆದುರಿಗೇ ಕೂತು ಹೋದ ವಾರಿಜಾಳ ವಿಷಯ ಹೇಳುತ್ತಾರೆ. ಹೊಸತರಲ್ಲಿ ನಾನು ತುಂಬಿದ ಲೋಕಲ್ ರೈಲು ಹತ್ತಲು ಹೆದರಿ, ಮೊದಲು ಉಲ್ಟಾ ದಿಕ್ಕಿನ ಕಲ್ಯಾಣಕ್ಕೆ ಹೋಗಿ, ರೈಲು ಹೊರಡುವಲ್ಲೇ ಸೀಟು ಹಿಡಿದು ಬರುತ್ತಿದ್ದೆನಲ್ಲ, ಆಗ ಹೊತ್ತು ಹಾಳು ಮಾಡುತ್ತೀ ಎಂದು ಗದರಿದ್ದರು. ಈಗ "ಅವಳಷ್ಟು ಬುದ್ಧಿ ನನಗೆ ಇರ್ಲಿಲ್ಲ" ಅನ್ನುತ್ತಾರೆ. ಬಾಯಿ ಜೋರಂತೆ, ಆದರೆ ಅದು ಅವಳ ತಪ್ಪಲ್ಲವಂತೆ, ಕಿವಿ ಕೇಳದ ಅತ್ತೆಯೊಟ್ಟಿಗೆ ಇದ್ದು ಹಾಗಾದದ್ದಂತೆ. ಇಷ್ಟು ವರ್ಷ ಇದನ್ನೆಲ್ಲ ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಲು ನಾನು ಅಲ್ಲಿ ಇರುವುದಿಲ್ಲವಲ್ಲ. ಪತ್ರಿಕೆ ನಿಲ್ಲಿಸಬೇಕೋ ಬೇಡವೋ ಎಂದು ಮೇಲೆ ಕೇಳಿದ್ದಕ್ಕೂ ಇನ್ನು ಉತ್ತರ ಬೇಡ, ಹೊಸದು ಬಂದರೂ ನಿಂತರೂ ಈ ಸಂಚಿಕೆಯನ್ನು ದಿಂಬಿನ ಅಡಿಯಿಂದ ತೆಗೆಯಲು ಇವರು ಬಿಡುವುದಿಲ್ಲ.

ನಿನ್ನೆ ಇವರು ಚಿಕ್ಕಪ್ಪನಿಗೆ ಫೋನ್ ಮಾಡಿ, ವಾರಿಜಾ ಹೋದಳೆಂದು ಹೇಳಿಬಿಟ್ಟರು. ಅವರು ಕಲ್ಯಾಣದಿಂದ ರಿಕ್ಷಾದಲ್ಲಿ ಅಳುತ್ತಾ ಬಂದು, ಬಾಗಿಲು ತೆರೆದ ನನ್ನನ್ನು ನೋಡಿ ಮೆಟ್ಟಿಲ ಮೇಲೇ ಕುಸಿದು ಕೂತರು. ನಿನಗೂ ತಿಳಿಸಬೇಕೆಂದು ಅಪ್ಪ ಬೆಳಿಗ್ಗೆಯಿಂದ ಹೇಳುತ್ತಿದ್ದಾರೆ. ಫೋನು ಕೆಟ್ಟಿದೆ ಎಂದಿದ್ದೇನೆ, ಎಷ್ಟು ದಿನ ನಡೆಯುತ್ತದೋ ಗೊತ್ತಿಲ್ಲ. ಅದಕ್ಕೇ ಈ ಕಾಗದ. ಅವರು ಫೋನ್ ಮಾಡಿದರೆ ಹೆದರಬೇಡ, ಅಲ್ಲಗಳೆಯಬೇಡ. ಅಮ್ಮ ಹೇಗಿದ್ದಳು ಎಂದು ಕೇಳು, ಚೆನ್ನಾಗಿ ಹೇಳುತ್ತಾರೆ. ಕೊನೆಗೆ ನಿನಗೂ ತಲೆಗೆ ಸ್ನಾನ ಮಾಡು ಅನ್ನುತ್ತಾರೆ. ಆಯಿತು ಅನ್ನು. ಆದರೆ ನೀನು ಮಾಡಬೇಡ ಮಗಾ. ನಾನಿನ್ನೂ ಇದ್ದೇನೆ.